ಐದನೆಯ ಪಾಲು ಬಿಸಿಲಿಗೆ

ಮಯ್ಯದ್ದಿ ಬ್ಯಾರಿಗಳು ಕಣ್ಣಿಗಿಂತ ಮೊದಲು ಕಿವಿಯನ್ನು ಮುಂದಿಟ್ಟುಕೊಂಡು ನಡೆಯುವವರು. ಎಡಗಿವಿ ಮುಂದೆ, ಉಳಿದ ಮೈಯೆಲ್ಲ ಅದರ ಹಿಂದೆ. ಸಿದ್ಧಕಟ್ಟೆಯ ಪೇಟೆಯಲ್ಲಿ ಅವರು ಬರುವುದನ್ನು ದೂರದಿಂದ ಕಂಡವರಿಗೆ, ಯಾರೋ ಇಕ್ಕಟ್ಟಾದ ಬಾಗಿಲೊಂದರಲ್ಲಿ ಅಡ್ಡವಾಗಿ ನುಸುಳಿ ಬರುತ್ತಿದ್ದಾರೆ ಎಂದೇ ತೋರಬೇಕು. ಅಲ್ಲಿ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ, ಬರೀ ಮಧ್ಯಾಹ್ನದ ಬಿಳಿ ಬಿಸಿಲು. ಬಲಗಿವಿ ಅವರಿಗೆ ಕೇಳುತ್ತಿರಲಿಲ್ಲ. ಹುಡುಗ ಪ್ರಾಯದಲ್ಲಿ ಮಾವಿನ ಮರದಿಂದ ಬಿದ್ದದ್ದು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ನಾವೂ ಹಾಗೆಂದೇ ನಂಬಿದ್ದೆವು.

ಅವರ ಕಸುಬು ಫ್ರಿಜ್ಜು ರಿಪೇರಿ. ಹಾಳಾದ ಫ್ರಿಜ್ಜಿನ ಮುಂದೆ ಕೂತರೆ ಮೊದಲು ಸ್ಕ್ರೂ ಬಿಚ್ಚುವವರಲ್ಲ. ಆ ಒಳ್ಳೆಯ ಕಿವಿಯನ್ನು ಅದರ ಬದಿಗೆ ಒತ್ತಿ, ಸೂಲಗಿತ್ತಿ ಬಸುರಿಯ ಹೊಟ್ಟೆಗೆ ಕಿವಿ ಕೊಟ್ಟ ಹಾಗೆ, ಕಣ್ಣು ಮುಚ್ಚಿ ತುಂಬ ಹೊತ್ತು ಕೇಳುವರು. ಮನೆಯವರು ಕಾದು ಕಾದು ಏನಾಯಿತೆಂದು ವಿಚಾರಿಸಿದರೆ ಒಂದೇ ಮಾತು: "ಸ್ವಲ್ಪ ಸಬೂರು ಮಾಡಿ." ಅವರ ಬಾಯಲ್ಲಿ ಆ ಸಬೂರು ಎಷ್ಟು ಸಲ ಬರುತ್ತಿತ್ತೆಂದರೆ, ಪೇಟೆಯವರು ಬೆನ್ನ ಹಿಂದೆ ಅವರನ್ನು ಸಬೂರು ಬ್ಯಾರಿ ಎಂದೇ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಕೇಳದ ಕಿವಿ ಆ ಕಡೆಗಿತ್ತು ಎಂದು ನಗುತ್ತಿದ್ದರು.

ಹನ್ನೆರಡು ವರ್ಷ ಗಲ್ಫಿನ ದಮಾಮಿನಲ್ಲಿದ್ದು, ತೊಂಬತ್ತೈದನೇ ಇಸವಿಯಲ್ಲಿ ಊರಿಗೆ ಬಂದವರು. ಬರುವಾಗ ಒಂದು ಯಂತ್ರ ತಂದರು. ಹೊಲಿಗೆ ಮೆಷಿನ್ನಿನ ಪೆಟ್ಟಿಗೆಯಷ್ಟು ದೊಡ್ಡದು, ಮೈಗೆ ಹಳದಿ ಬಣ್ಣ, ಮುಖದಲ್ಲಿ ಎರಡು ಗಡಿಯಾರದಂಥ ಗಾಜುಗಳು. ಹೆಂಡತಿ ಜುಲೈಕಾ ಒಮ್ಮೆ ನನ್ನ ಹತ್ತಿರ ಹೇಳಿದ್ದುಂಟು: "ಊರಿನ ಗಂಡಸರೆಲ್ಲ ಅತ್ತರು ತಂದರು, ಕಂಬಳಿ ತಂದರು. ನಮ್ಮವರು ಇದನ್ನು ತಂದರು ನೋಡಿ ಸೇಸಕ್ಕ. ಎಂಥದೋ ಗಾಳಿ ಕುಡಿಯುತ್ತದಂತೆ."

ಅದು ಕುಡಿಯುತ್ತಿದ್ದದ್ದು ಫ್ರಿಜ್ಜಿನ ಹೊಟ್ಟೆಯೊಳಗಿನ ಗ್ಯಾಸು. ಬೇರೆ ಮೆಕ್ಯಾನಿಕ್ಕುಗಳು ಪೈಪು ತುಂಡು ಮಾಡಿ ಹುಸ್ಸೆಂದು ಒಂದೇ ಉಸಿರಿಗೆ ಬಿಟ್ಟುಬಿಡುತ್ತಿದ್ದ ಆ ಗ್ಯಾಸನ್ನು, ಇವರು ಯಂತ್ರ ಹಚ್ಚಿ ಎಳೆದೆಳೆದು ಒಂದು ದಪ್ಪ ಸಿಲಿಂಡರಿಗೆ ತುಂಬಿಸಿ, ಬಾಯಿ ಬಿಗಿದು ಮನೆಗೆ ಒಯ್ಯುತ್ತಿದ್ದರು. ಆಕಾಶಕ್ಕೆ ಬಿಡಬಾರದು, ಕೋಣೆಯಲ್ಲಿ ಬಿಟ್ಟರೆ ಮನುಷ್ಯನ ಉಸಿರಿನ ಜಾಗವನ್ನು ಅದು ತಿನ್ನುತ್ತದೆ ಎಂದು ಹೇಳಿ, ಕಿಟಕಿ ಬಾಗಿಲೆಲ್ಲ ತೆರೆಸಿ, ಒಲೆ ಆರಿಸಲು ಹೇಳಿ, ಆಮೇಲೆ ತಮ್ಮ ವೇಷ ಕಟ್ಟುವರು. ಏಪ್ರಿಲಿನ ಸೆಖೆಯಲ್ಲಿಯೂ ಮೊಣಕಾಲ ತನಕದ ಖಾಕಿ ಕೋಟು, ಮೊಣಕೈ ತನಕದ ಚರ್ಮದ ಕೈಗವಸು, ಕಣ್ಣಿಗೆ ಈಜುವವರ ಹಾಗಿನ ಕನ್ನಡಕ. ಬ್ಯಾರಿಗಳಿಗೆ ಮಾತ್ರ ಮಳೆಗಾಲ ಶುರುವಾಯಿತು ಎಂದು ಜನ ತಮಾಷೆ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೂ ಬೇಗ ಏಳುವವರಲ್ಲ. ಯಂತ್ರದ ಹೊಟ್ಟೆಯಲ್ಲಿ ಉಳಿದ ಕೊನೆಯ ಗುಟುಕನ್ನೂ ಸಿಲಿಂಡರಿಗೆ ಕಳಿಸಿ, ಅದರ ಗ್ಯಾಸು ಸೋಸುವ ಫಿಲ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಕಪ್ಪಾಗಿದ್ದರೆ ಹೊಸದು ಹಾಕಿ, ರಬ್ಬರು ಪೈಪುಗಳ ತುದಿಗಳನ್ನು ಒಂದೊಂದಾಗಿ ಒರೆಸಿ ಮುಚ್ಚಳ ತಿರುಗಿಸುವರು. ಆ ಪೈಪುಗಳು ಉಂಡು ಮಲಗಿದ ಹಾವುಗಳ ಹಾಗೆ ಸುರುಳಿ ಸುತ್ತಿ ಕೂತಿರುತ್ತಿದ್ದವು.

ನನ್ನ ತಮ್ಮ ಚನಿಯಪ್ಪ ಅವರ ಜೊತೆ ಕೆಲಸಕ್ಕೆ ಸೇರುವಾಗ ಅವನಿಗೆ ನಲವತ್ತು ದಾಟಿತ್ತು. ಅವನು ಮೊದಲು ಮಾಣಿ ಪೇಟೆಯ ಒಂದು ಅಕ್ಕಿ ಅಂಗಡಿಯಲ್ಲಿ ಅಳೆಯುವವನಾಗಿದ್ದ. ಸೇರಿಗೆ ಗೋಪುರ ಕಟ್ಟುವುದರಲ್ಲಿ ಅವನ ಕೈ ಹೆಸರಾದದ್ದು. ಅವನು ಅಳೆದ ಅಕ್ಕಿ ಸೇರಿನ ಬಾಯಿಯ ಮೇಲೆ ಶಿಖರದ ಹಾಗೆ ನಿಲ್ಲುತ್ತಿತ್ತು, ಒಂದು ಕಾಳು ಜಾರುತ್ತಿರಲಿಲ್ಲ. ಗೋಪುರವಿಲ್ಲದ ಬರಿ ಸೇರು ಅಳೆದರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂದು ನಮ್ಮ ಅಮ್ಮ ಹೇಳಿಕೊಟ್ಟ ಮಾತು ಅವನ ಮೂಳೆಯೊಳಗಿತ್ತು. ಕಿಲೋ ಕಲ್ಲುಗಳ ಕಾಲ ಬಂದ ಮೇಲೆ ಆ ಕೈಗೆ ಕೆಲಸ ಇಲ್ಲದಾಯಿತು. ಆಮೇಲೆ ಮೂರು ಕಡೆ ಸೇರಿದ, ಮೂರು ಕಡೆಯೂ ನಿಲ್ಲಲಿಲ್ಲ. ಒಂದು ಮಳೆಗಾಲವಿಡೀ ನನ್ನ ಮನೆಯ ಜಗಲಿಯಲ್ಲಿ ಮಾತಿಲ್ಲದೆ ಕೂತಿದ್ದ. ಇನ್ನು ಇವನನ್ನು ಕರೆಯುವವರಿಲ್ಲ ಎಂದು ಊರು ತೀರ್ಮಾನ ಮಾಡಿದ ಹೊತ್ತಿಗೆ, ಒಂದು ಸಂಜೆ ಮಯ್ಯದ್ದಿಯವರು ಕಿವಿ ಮುಂದಿಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದರು. ಸಿಲಿಂಡರು ಎತ್ತಲಿಕ್ಕೆ ಒಂದು ಜನ ಬೇಕು ಎಂದರು. ಹೊರಡುವಾಗ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಅವನಿಗೆ ತೋರಿಸಿ, ಇಷ್ಟನ್ನೇ ಹೇಳಿದರು:

"ಸಿಲಿಂಡರು ತುಂಬುವಾಗ ನಾನು ತ್ರಾಸಿನಲ್ಲಿ ಗೆರೆ ಹಾಕ್ತೇನೆ. ಐದರಲ್ಲಿ ನಾಲ್ಕು ಪಾಲು ನಮ್ಮದು, ಒಂದು ಪಾಲು ಬಿಸಿಲಿಗೆ. ಮುಳ್ಳು ಗೆರೆ ದಾಟಿದರೆ ನೀನು ಮರುದಿನ ಬರುವುದು ಬೇಡ ಮಾರಾಯ."

ತಮ್ಮ ನಕ್ಕ. ನಾನು ನಗಲಿಲ್ಲ. ಅವರ ಮುಖ ತಮಾಷೆಯದ್ದಾಗಿರಲಿಲ್ಲ.

ಆ ಕಾಲದಲ್ಲಿ ನಾನು ಮೂಡಬಿದ್ರೆಯ ವಸಂತಣ್ಣನ ಐಸ್‌ಕ್ಯಾಂಡಿ ಫ್ಯಾಕ್ಟರಿಗೆ ಹೋಗುತ್ತಿದ್ದೆ. ಬೆಳಗ್ಗಿನ ಬಸ್ಸಿಗೆ ಹೋಗಿ, ಅಚ್ಚುಗಳಿಗೆ ಕಡ್ಡಿ ಚುಚ್ಚುವ ಕೆಲಸ. ಎರಡು ಸಾವಿರದ ಒಂದನೇ ಇಸವಿಯ ಏಪ್ರಿಲಿನಲ್ಲಿ ಅಲ್ಲಿನ ದೊಡ್ಡ ಕಂಪ್ರೆಸರು ಕೆಟ್ಟಿತು. ಅದನ್ನು ಬಿಚ್ಚಬೇಕಾದರೆ ಒಳಗಿನ ಗ್ಯಾಸೆಲ್ಲ ಹೊರಗೆ ಬರಬೇಕು. ಶುಕ್ರವಾರ ಬೆಳಗ್ಗೆ ಮಯ್ಯದ್ದಿಯವರೂ ನನ್ನ ತಮ್ಮನೂ ಯಂತ್ರದೊಂದಿಗೆ ಬಂದರು. ಮಣೆಯಷ್ಟಗಲದ ತ್ರಾಸಿನ ಮೇಲೆ ಸಿಲಿಂಡರು ಕೂತಿತು, ತ್ರಾಸಿನ ಮುಖದಲ್ಲಿ ಬಿಳಿ ಗೆರೆ ಬಿತ್ತು, ಯಂತ್ರ ಗುಂಯ್ಗುಡತೊಡಗಿತು. ಆ ಸದ್ದು ಎಂಥದ್ದೆಂದರೆ, ದೂರದ ಮನೆಯಲ್ಲಿ ಯಾರೋ ಮಗುವಿಗೆ ಜೋಗುಳ ಹಾಡುತ್ತ ತಾವೇ ನಿದ್ರೆ ಹೋಗುತ್ತಿರುವಂಥದ್ದು. ಕಡ್ಡಿ ಚುಚ್ಚುವ ನಮ್ಮ ಕೈಗಳೂ ನಿಧಾನವಾದವು.

ಜುಮಾ ನಮಾಜಿಗೆ ಹೊತ್ತಾದಾಗ ಮಯ್ಯದ್ದಿಯವರು ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿದರು. ಮುಳ್ಳು ಗೆರೆಗೆ ಬಂದರೆ ಬಂದ್ ಮಾಡು, ಉಳಿದದ್ದನ್ನು ಖಾಲಿ ಸಿಲಿಂಡರಿಗೆ ತುಂಬಿಸುವ, ನಾನು ಬಂದ ಮೇಲೆ, ಎಂದು ತಮ್ಮನಿಗೆ ಎರಡು ಸಲ ಹೇಳಿ ಮಸೀದಿಗೆ ಹೋದರು.

ಮುಳ್ಳು ಗೆರೆಗೆ ಬಂತು. ಯಂತ್ರ ಇನ್ನೂ ಎಳೆಯುತ್ತಿತ್ತು. ಸ್ವಲ್ಪವೇ ಉಳಿದದ್ದು. ವಸಂತಣ್ಣ ನಾಲ್ಕು ಸಲ ಬಂದು, ನಾಡಿದ್ದು ಮದುವೆಯ ಮನೆಗೆ ಎರಡು ಸಾವಿರ ಕ್ಯಾಂಡಿ ಕೊಡಬೇಕು, ಇದು ಮುಗಿಯುವುದು ಯಾವಾಗ ಎಂದು ಕೇಳಿ ಹೋದರು. ನನ್ನ ತಮ್ಮ ಸಿಲಿಂಡರನ್ನು ನೋಡಿದ. ಆಮೇಲೆ ಅವನು ಹೇಳಿದ್ದು: ಅಕ್ಕ, ನನಗೆ ಅದು ಬರಿ ಸೇರಿನ ಹಾಗೆ ಕಂಡಿತು, ಕೈ ತಡೆಯಲಿಲ್ಲ. ಇನ್ನೊಂದು ಸಿಲಿಂಡರಿಗೆ ತೊಂದರೆ ಯಾಕೆ, ಇದನ್ನೇ ಗೋಪುರ ಮಾಡುವ ಎಂದು ಯಂತ್ರವನ್ನು ಓಡಲು ಬಿಟ್ಟ. ಕೊನೆಯ ಗುಟುಕಿನ ತನಕ ತುಂಬಿಸಿದ. ಬಾಯಿ ಬಿಗಿದು, ದಾರಿಗೆ ಅಡ್ಡವಾಗುತ್ತದೆಂದು ಎತ್ತಿ ಹೊರಗೆ ಸಿಮೆಂಟಿನ ಅಂಗಳದಲ್ಲಿಟ್ಟ. ಇಡುವಾಗ ಅವನ ಮುಖದಲ್ಲಿ ಎಷ್ಟೋ ವರ್ಷದ ನಂತರ ಹಳೆಯ ಬೆಳಕಿತ್ತು. ಅದನ್ನು ನೋಡಿ ನನಗೆ ಖುಷಿಯಾಯಿತು, ನಿಜ ಹೇಳುತ್ತೇನೆ.

ಮಯ್ಯದ್ದಿಯವರು ಮಸೀದಿಯಿಂದ ಬರುವಾಗ ಬಿಸಿಲು ನೆತ್ತಿಯಿಂದ ಸ್ವಲ್ಪ ವಾಲಿತ್ತು. ಸಿಲಿಂಡರಿನ ಹತ್ತಿರ ನಿಂತರು. ಅದರ ಮೈಗೆ ಅಂಗೈ ಇಟ್ಟರು. ಒಳಗೆ ಹೋಗಿ ತ್ರಾಸನ್ನು ನೋಡಲಿಲ್ಲ. ಸಿಲಿಂಡರಿನ ಕೊರಳು ಹಿಡಿದು ಕೂದಲೆಳೆಯಷ್ಟು ಎತ್ತಿ, ಸದ್ದಾಗದ ಹಾಗೆ ಇಳಿಸಿದರು. ಎಷ್ಟು ತುಂಬಿದೆ ಎಂದು ಆ ಕೈಗೆ ಗೊತ್ತಾಯಿತು. ತಿರುಗಿ, ಊಟಕ್ಕೆ ಎಲೆ ಹಾಕಿದೆ ಬನ್ನಿ ಎನ್ನುವ ಸ್ವರದಲ್ಲಿ ಹೇಳಿದರು: "ಎಲ್ಲರೂ ಹಿತ್ತಲಿನ ಕಲ್ಲುಗೋಡೆಯ ಆಚೆಗೆ ಹೋಗುವ. ವಸಂತಣ್ಣ, ನೀವೂ. ಮಾತು ಆಮೇಲೆ."

ನಾವು ಹೋದೆವು. ಚನಿಯಪ್ಪ ಹೋಗಲಿಲ್ಲ.

ಗೋಡೆಯ ಸಂದಿನಿಂದ ನಾನು ನೋಡಿದ್ದು ಇವತ್ತಿಗೂ ಕನಸಿನಲ್ಲಿ ಬರುವುದುಂಟು. ಮಯ್ಯದ್ದಿಯವರು ಕೋಟು ತೊಟ್ಟು, ಕೈಗವಸು, ಕನ್ನಡಕ ಹಾಕಿ, ತಮ್ಮ ಕಪ್ಪು ಕೊಡೆಯನ್ನು ಬಿಡಿಸಿ ಆ ಸಿಲಿಂಡರಿಗೆ ನೆರಳು ಹಿಡಿದರು. ನಡುಹಗಲು, ಬಿಳಿ ಅಂಗಳ, ಕಬ್ಬಿಣದ ಮಗುವಿಗೆ ಕೊಡೆ ಹಿಡಿದು ಕೂತ ಒಬ್ಬ ಮನುಷ್ಯ. ಚನಿಯಪ್ಪ ಬಾವಿಯಿಂದ ಕೊಡ ಕೊಡ ನೀರು ತಂದು, ಅದಕ್ಕೆ ಹೊದೆಸಿದ ಗೋಣಿಯ ಮೇಲೆ ಮೆಲ್ಲ ಸುರಿಯುತ್ತಿದ್ದ. ಖಾಲಿ ಸಿಲಿಂಡರು ಬಂತು, ತಣ್ಣೀರಿನ ಬಾಲ್ದಿಯಲ್ಲಿ ಕೂತಿತು, ಎರಡರ ನಡುವೆ ಪೈಪು ಬಿತ್ತು. ಮಯ್ಯದ್ದಿಯವರು ತಿರುಪನ್ನು ತಿರುಗಿಸಿದ್ದು ಕಣ್ಣಿಗೆ ಕಾಣದಷ್ಟು ನಿಧಾನ. ಪೈಪಿನ ಮೈಯಲ್ಲಿ ಬೆವರಿನ ಹಾಗೆ ನೀರ ಹನಿಗಳು ಮೂಡಿದವು. ಕಾಗೆಯೂ ಕೂಗಲಿಲ್ಲ. ಅವರ ಒಳ್ಳೆಯ ಕಿವಿ ಸಿಲಿಂಡರಿನ ಕಡೆಗಿತ್ತು. ಒಳಗೆ ಗ್ಯಾಸು ಜಾಗ ಬಿಟ್ಟು ಹೋಗುವುದನ್ನು ಅವರು ಕೇಳುತ್ತಿದ್ದರು. ಎಷ್ಟು ಹೊತ್ತು, ಹೇಳಲಾರೆ. ಗೋಡೆಯ ನೆರಳು ನನ್ನ ಪಾದದಿಂದ ಮೊಣಕಾಲಿಗೆ ಏರಿತ್ತು.

ಕೊನೆಗೆ ತಿರುಪು ಬಿಗಿದು, ಎರಡು ಸಿಲಿಂಡರುಗಳನ್ನೂ ತೂಗಿ, ನೆರಳಿಗೆ ಒಯ್ದಿಟ್ಟು, ಮೆಟ್ಟಲಿನಲ್ಲಿ ಕೂತರು. ನಾವು ಗೋಡೆ ದಾಟಿ ಬಂದೆವು. ಬೈಗುಳಕ್ಕೆ ಕಾಯುತ್ತ ಚನಿಯಪ್ಪ ತಲೆ ತಗ್ಗಿಸಿ ನಿಂತಿದ್ದ. ಅವರು ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸುತ್ತ, ಯಾರಿಗೋ ವಿಳಾಸ ಹೇಳುವವರ ಹಾಗೆ ಹೇಳಿದರು:

"ದಮಾಮಿನಲ್ಲಿ ನಾನೇ ತುಂಬಿಸಿದ್ದು. ಬೇಗ ಮುಗಿಯಲಿ ಎಂದು. ಬಿಸಿಲಿಗೆ ಇಟ್ಟದ್ದೂ ನಾನೇ. ಒಳಗೆ ಹಿಗ್ಗಲಿಕ್ಕೆ ಜಾಗ ಇರಲಿಲ್ಲ, ಒಡೆಯಿತು. ಶಿರ್ತಾಡಿಯವ ಒಬ್ಬ ಇದ್ದ, ನನಗೆ ಚಾ ತರ್ತಿದ್ದ. ನನ್ನದು ಕಿವಿ ಹೋಯಿತು. ಅವ ಹೋದ."

ಮಾವಿನ ಮರ ಇರಲೇ ಇಲ್ಲ.

ಚನಿಯಪ್ಪ ತನ್ನ ಕೈಗವಸುಗಳನ್ನು ತೆಗೆದು ಒಂದರ ಮೇಲೊಂದು ಜೋಡಿಸಿ ಮೆಟ್ಟಲಿನ ಮೇಲಿಟ್ಟ. ನಾನು ಆ ಮಳೆಗಾಲವಿಡೀ ಜಗಲಿಯಲ್ಲಿ ಕೂತಿದ್ದ ಅವನ ಬೆನ್ನನ್ನು ನೆನೆಸಿಕೊಂಡೆ. ಅವನು ಅಂದ: "ನೀವು ಮೊದಲೇ ಹೇಳಿದ್ದೀರಿ ಬ್ಯಾರಿಗಳೇ. ನಾಳೆ ಬರುವುದಿಲ್ಲ."

"ಹೌದು," ಎಂದರು ಮಯ್ಯದ್ದಿಯವರು. "ಮಾತು ಅಂದರೆ ಮಾತು. ನಾಳೆ ಬರಬೇಡ."

ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಅವನ ಅಂಗೈಯಲ್ಲಿಟ್ಟರು.

"ಆದಿತ್ಯವಾರ ಬಾ. ಇನ್ನು ಗೆರೆ ನೀನೇ ಹಾಕು."

ಶನಿವಾರ ಇಡೀ ದಿನ ಚನಿಯಪ್ಪ ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ, ಅನ್ನ ಉಣ್ಣುವಾಗ ಎಡಗೈಯಲ್ಲಿ. ಆಮೇಲೆ ಏಳು ವರ್ಷ, ಬ್ಯಾರಿಗಳು ತೀರಿಕೊಳ್ಳುವ ತನಕ, ಅವರ ಜೊತೆಗೇ ಇದ್ದ. ಅವನ ಗೆರೆ ಯಾವಾಗಲೂ ಅವರ ಗೆರೆಗಿಂತ ಒಂದು ಕೂದಲು ಕೆಳಗೆ ಬೀಳುತ್ತಿತ್ತಂತೆ. ನೀನೊಬ್ಬ ಜಿಪುಣ ಮಾರಾಯ ಎಂದು ಅವರು ಛೇಡಿಸುತ್ತಿದ್ದರಂತೆ. ಜುಲೈಕಾ ಆ ಯಂತ್ರವನ್ನು ಅವನಿಗೇ ಕೊಟ್ಟರು. ಅದರ ಪೈಪುಗಳು ಈಗಲೂ ಬಾಯಿ ಮುಚ್ಚಿಕೊಂಡೇ ಮಲಗುತ್ತವೆ.

ಗೋಪುರ ಕಟ್ಟಿ ಅಳೆದು ಕೊಡುವವರನ್ನು ಊರು ಧಾರಾಳಿ ಎಂದು ಹೊಗಳುತ್ತದೆ; ನಮ್ಮ ಅಮ್ಮ ಹಾಗೆಯೇ ಹೇಳಿಕೊಟ್ಟದ್ದು, ಅದು ಸುಳ್ಳೂ ಅಲ್ಲ. ಆದರೆ ಇನ್ನೊಂದು ಜಾತಿಯ ಜನ ಇದ್ದಾರೆ. ಇಂದಿನ ತಂಪಿನಲ್ಲಿ ಕೂತು ನಾಳೆಯ ಬಿಸಿಲನ್ನು ನೆನೆಯುವವರು. ಅವರು ಪಾತ್ರೆಯಲ್ಲಿ ಒಂದು ಪಾಲು ಬಿಡುತ್ತಾರೆ, ಮಾತಿನಲ್ಲಿ ಒಂದು ಪಾಲು, ಸಿಟ್ಟಿನಲ್ಲಿಯೂ ಒಂದು ಪಾಲು. ಅವರ ನಿಧಾನಕ್ಕೆ ನಾವು ನಗುತ್ತೇವೆ, ಬೆನ್ನ ಹಿಂದೆ ಹೆಸರಿಡುತ್ತೇವೆ. ಅವರು ಖಾಲಿ ಬಿಟ್ಟ ಆ ಜಾಗದಲ್ಲಿಯೇ ನಾವು ಕೂತು ನಗುತ್ತಿದ್ದೇವೆ ಎನ್ನುವುದು ನಮಗೆ ಗೊತ್ತಿರುವುದಿಲ್ಲ.