ಹೂದಾನಿಗೆ ಸಕ್ಕರೆ

"ಎಲೆಗಳನ್ನ ಕಿತ್ತು ಕೊಡೇ, ನೀರೊಳಗೆ ಒಂದೂ ಮುಳುಗ್ಬಾರದು," ಎನ್ನುತ್ತ ತಂಗಿ ಬಕೆಟ್ಟಿನ ನೀರಿನೊಳಗೇ ಗುಲಾಬಿ ದಂಟುಗಳನ್ನು ಓರೆಯಾಗಿ ಕತ್ತರಿಸುತ್ತಿದ್ದಳು. ನಡುಮನೆಯಲ್ಲಿ ಅವಳ ಅಕ್ಕನ ಶವ. ಅಕ್ಕನ ಹೂವಿನಂಗಡಿಯ ಗಿರಾಕಿಗಳು ತಂದಿದ್ದ ಹೂಗಳು ಸೆಕೆಗೆ ಆಗಲೇ ಕತ್ತು ಬಾಗಿಸಿದ್ದವು. ಹನ್ನೊಂದು ವರ್ಷಗಳಲ್ಲಿ ತಂಗಿ ಈ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಬಂದವಳು ಯಾರ ಮುಖವನ್ನೂ ನೋಡದೆ ಹೂಗಳನ್ನೆಲ್ಲ ಬಾಚಿಕೊಂಡು ಬಚ್ಚಲಿಗೆ ಹೋಗಿದ್ದಳು.

"ಚಿಕ್ಕಮ್ಮಾ, ನಾಲ್ಕು ಗಂಟೆಗೆ ಗಾಡಿ ಬರತ್ತೆ. ಇಷ್ಟೆಲ್ಲ ಯಾಕೆ?" ಎಂದಳು ಅಕ್ಕನ ಮಗಳು.

"ಬಾಡಿದ ಹೂವಿನ ಜೊತೆ ನಿಮ್ಮಮ್ಮನ್ನ ಕಳಿಸ್ತೀಯಾ? ಸಕ್ಕರೆ ಡಬ್ಬಿ ತಗೊಂಬಾ."

"ಸಕ್ಕರೆನಾ? ಈ ಮನೇಲಾ? ಅಮ್ಮ ಬೈತಿದ್ಲು."

"ಬೈಲಿ. ಎದ್ದು ಬಂದು ಬೈಲಿ."

*

ಜಗಳ ಹುಟ್ಟಿದ್ದೇ ಸಕ್ಕರೆಯಿಂದ. ಆಗ ಇಬ್ಬರದೂ ಒಂದೇ ಅಂಗಡಿ. ಹೂದಾನಿಗೆ ಒಂದು ಚಮಚ ಸಕ್ಕರೆ ಹಾಕಿದರೆ ಹೂ ಹೆಚ್ಚು ದಿನ ಬಾಳುತ್ತದೆ ಎಂದು ತಂಗಿ. ದಿನಾ ನೀರು ಬದಲಿಸಿ ದಂಟಿನ ತುದಿ ಕತ್ತರಿಸಿದರೆ ಸಾಕು ಎಂದು ಅಕ್ಕ. ಪಂತ ಕಟ್ಟಿ ಎರಡು ಹೂದಾನಿ ಇಟ್ಟರು. ಮೂರನೆಯ ದಿನಕ್ಕೆ ತಂಗಿಯ ನೀರು ಗಬ್ಬೆದ್ದಿತು. "ಇದೇನು ಹೂದಾನಿನೋ, ಇರುವೆಗಳ ಹಾಸ್ಟೆಲ್ಲೋ?" ಎಂದು ಅಕ್ಕ ಗಿರಾಕಿಗಳ ಮುಂದೆ ನಕ್ಕಳು. ಮರುವಾರವೇ ತಂಗಿ ರಸ್ತೆಯಾಚೆ, ಸರಿಯಾಗಿ ಎದುರಿಗೇ, ತನ್ನದೊಂದು ಅಂಗಡಿ ತೆರೆದಳು. ಮಾತು ನಿಂತಿತು.

ಎರಡು ವರ್ಷದ ಹಿಂದೆ ಒಂದು ಸಲ ಮಾತ್ರ ಅಕ್ಕ ರಸ್ತೆ ದಾಟಿ ಬಂದು ಬಾಗಿಲಲ್ಲಿ ನಿಂತಿದ್ದಳು. ಗಂಟಲು ಸರಿಮಾಡಿಕೊಂಡು, "ನಿನ್ನ ಬೋರ್ಡಿನ ಬಲ್ಬು ಹೋಗಿದೆ," ಎಂದವಳೇ ಹಿಂದಿರುಗಿದ್ದಳು. ಹಂಗಿಸಲು ಬಂದಳೆಂದು ತಂಗಿ ವಾರವಿಡೀ ಉರಿದುಕೊಂಡಿದ್ದಳು.

*

ಸಕ್ಕರೆ ಡಬ್ಬಿ ತಂದವರು ಭಾವ. ಇನ್ನೊಂದು ಕೈಯಲ್ಲಿ ಅರ್ಧ ನಿಂಬೆಹಣ್ಣು.

"ಬರೀ ಸಕ್ಕರೆ ಹಾಕ್ಬೇಡ. ಇದನ್ನೂ ಎರಡು ಹನಿ ಹಿಂಡು, ನೀರು ಕೆಡಲ್ಲ."

"ನಿಮಗ್ಯಾರು ಹೇಳಿದ್ರು ಭಾವ?"

"ಇನ್ಯಾರು, ನಿಮ್ಮಕ್ಕ! ಕದ್ದುಮುಚ್ಚಿ ಎಷ್ಟೋ ಹೂದಾನಿಗೆ ಹಾಕಿ ನೋಡಿದ್ಲು. ಆಮೇಲೆ ಅಂಗಡೀಲೂ ಇದನ್ನೇ ಹಾಕ್ತಿದ್ಲು."

ಕತ್ತರಿ ಬಕೆಟ್ಟಿನೊಳಗೆ ಬಿತ್ತು. "ನಾನು ಹೇಳಿದ್ದು ಸರಿ ಅಂತ ಗೊತ್ತಿತ್ತಾ ಅವಳಿಗೆ?"

"ಅರ್ಧ ಸರಿ ಅಂತಿದ್ಲು. ಆ ಅರ್ಧ ಹೇಳೋಕೇ ಒಂದಿನ ನಿನ್ನಂಗಡಿಗೆ ಬಂದಿದ್ದು. ಹೇಳಿದ್ಯಾ ಅಂತ ಕೇಳಿದ್ರೆ, 'ಬಾಗಿಲವರೆಗೂ ಹೋದೆ ರೀ, ಬಾಯಿ ತೆಗೆದ್ರೆ ಬಲ್ಬು ಅಂತ ಬಂತು' ಅಂದ್ಲು. ಅವತ್ತು ಊಟಾನೇ ಮಾಡಲಿಲ್ಲ."

ತಂಗಿ ಅಳಲೆಂದು ಬಾಯಿ ತೆರೆದಳು, ಹೊರಬಂದದ್ದು ನಗು.

"ಬಲ್ಬಂತೆ!"

"ಬಲ್ಬೇ!" ಎಂದರು ಭಾವ. ಅವರ ಹೆಗಲೂ ಕುಲುಕತೊಡಗಿತು. ನಡುಮನೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು.

ನಾಲ್ಕು ಗಂಟೆಗೆ ಗಾಡಿ ಹೊರಟಾಗ ಗುಲಾಬಿಗಳು ಅಕ್ಕನ ಸುತ್ತ ಕತ್ತೆತ್ತಿ ನಿಂತಿದ್ದವು. ತಂಗಿ ಒಂದು ಪಕ್ಕ, ಭಾವ ಇನ್ನೊಂದು ಪಕ್ಕ. ಒಬ್ಬರು ಹೇಗೋ ತಡೆದುಕೊಂಡರೆ ಇನ್ನೊಬ್ಬರಿಗೆ ಕಿಸಕ್ಕೆಂದು ನಗು ಬರುತ್ತಿತ್ತು, ಕಣ್ಣೊರೆಸಿದಷ್ಟೂ ಒದ್ದೆ. ರಸ್ತೆಯಂಚಿನಲ್ಲಿ ಸೈಕಲ್ ನಿಲ್ಲಿಸಿ, ಟೋಪಿ ತೆಗೆದು ತಲೆಬಾಗಿದ್ದ ಪೋಸ್ಟ್‌ಮ್ಯಾನ್, ಗಾಡಿಯ ಕಿಟಕಿಯಿಂದ ಬಂದ ನಗು ಕೇಳಿ ತಟ್ಟನೆ ತಲೆಯೆತ್ತಿದ. ಮತ್ತೆ ಬಗ್ಗಿಸಬೇಕೋ ಬೇಡವೋ ತಿಳಿಯದೆ, ಟೋಪಿಯನ್ನು ಎದೆಗೊತ್ತಿಕೊಂಡು, ಗಾಡಿ ತಿರುವು ದಾಟುವವರೆಗೂ ಮುಗುಳ್ನಗುತ್ತ ನಿಂತೇ ಇದ್ದ.