ಒಂದೇ ಬಾಗಿಲಿನ ರಾಣಿ ಡಬ್ಬಿ

ಮಾಗಿಯ ಚಳಿ. ಬೆಳಗ್ಗೆ ಏಳರ ಹೊತ್ತು. ರೈಲು ಕಾರ್ಖಾನೆಯ ಬಡಗಿ ಶೆಡ್ಡಿನಲ್ಲಿ ನಂಜುಂಡಾಚಾರಿ ಎನ್ನುವವರು ಒಂದು ತೇಗದ ಹಲಗೆಗೆ ಅರಿಸಿನ ಕುಂಕುಮ ಹಚ್ಚಿ, ಕೈಮುಗಿದು, ಗರಗಸ ಇಟ್ಟರು. ಅವತ್ತೇ ನಾನು ಹುಟ್ಟಿದೆ ಅಂತ ನನ್ನ ಲೆಕ್ಕ. ನಾನು ಒಂದು ರೈಲು ಡಬ್ಬಿ. ಅಂಥಿಂಥ ಡಬ್ಬಿಯಲ್ಲ, ಚಂದನಗಿರಿ ಸಂಸ್ಥಾನದ ರಾಣಿಯವರ ಡಬ್ಬಿ.

ನನ್ನನ್ನು ಮುಗಿಸಲು ಹನ್ನೊಂದು ತಿಂಗಳು ಹಿಡಿಯಿತು. ಒಳಗೆ ಬೀಟೆ ಮರದ ಮಂಚ, ಹಿತ್ತಾಳೆಯ ಚಿಲಕ, ಕಿಟಕಿಗೆ ಲಾವಂಚದ ತಟ್ಟಿ. ಬಾಗಿಲು ಮಾತ್ರ ಒಂದೇ, ಬಲಗಡೆಗೆ. ರಾಣಿವಾಸದವರು ಹತ್ತಿ ಇಳಿಯುವುದನ್ನು ಹೊರಗಿನವರು ನೋಡಬಾರದು ಎಂದು ಅರಮನೆಯ ಕಟ್ಟಳೆ. ಎರಡು ಬಾಗಿಲಿದ್ದರೆ ಎರಡು ಕಡೆ ಕಾಯಬೇಕಲ್ಲ! ಮೋಟಾರಿನಿಂದ ನನ್ನ ಬಾಗಿಲವರೆಗೆ ಆಳುಗಳು ಎರಡೂ ಬದಿ ಬಟ್ಟೆ ಎತ್ತಿ ಹಿಡಿಯುತ್ತಿದ್ದರು. ಆ ಬಟ್ಟೆಯ ಓಣಿಯಲ್ಲಿ ರಾಣಿ ದೇವೀರಮ್ಮಣ್ಣಿಯವರು ಬರುವರು. ಮೆಟ್ಟಿಲ ಮೇಲೆ ಬಿದ್ದ ಹೆಜ್ಜೆಯ ಭಾರದಿಂದಲೇ ಅವರ ಮನಸ್ಸು ಹೇಗಿದೆ ಅಂತ ನನಗೆ ತಿಳಿಯುತ್ತಿತ್ತು.

ಅರಮನೆಯ ನಿಲ್ದಾಣದಲ್ಲಿ ಎರಡೂ ಕಡೆ ಪ್ಲಾಟ್‌ಫಾರಂ ಇತ್ತು. ಹೋಗುವ ಊರಿನಲ್ಲಿ ಪ್ಲಾಟ್‌ಫಾರಂ ಎಡಕ್ಕಿದ್ದರೆ, ಎಂಜಿನ್ ತಿರುಗಿಸುವ ದೊಡ್ಡ ಚಕ್ರದ ಮೇಲೆ ನನ್ನನ್ನೂ ತಿರುಗಿಸಿಯೇ ಕಳಿಸಬೇಕು. ಹಾಗೇ ಮಾಡುತ್ತಿದ್ದರು.

ಕಾಲ ಕಳೆಯಿತು. ಸಂಸ್ಥಾನಗಳು ಹೋದವು. ರೈಲಿನ ಸಾಹೇಬರು ನನ್ನನ್ನು ತಪಾಸಣೆಗೆ ಓಡಿಸಿದರು, ಬೀಟೆ ಮಂಚದ ಮೇಲೆ ಫೈಲು ಹರಡಿದರು. ಆಮೇಲೆ ಇಪ್ಪತ್ತು ವರ್ಷ ಬೇಲಿಯ ಪಕ್ಕ ನಿಂತೆ. ನನ್ನೊಳಗೆ ಜೇನು ಕಟ್ಟಿತು. ಯಾರೋ ಪುಣ್ಯಾತ್ಮರು ಹುಡುಕಿಕೊಂಡು ಬಂದು, ತಿಕ್ಕಿ ತೊಳೆದು, ಹೊಸ ಗಾಲಿ ಹಾಕಿ, ಈ ಐಷಾರಾಮಿ ಪ್ರವಾಸಿ ರೈಲಿಗೆ ಜೋಡಿಸಿದರು. ಈಗ ಪರದೇಶದವರು, ಹೊಸದಾಗಿ ಮದುವೆಯಾದವರು ನನ್ನೊಳಗೆ ಕೂತು ಚಹಾ ಕುಡಿಯುತ್ತಾರೆ. ಗೈಡ್ ಕೈಯಾಡಿಸಿ ಹೇಳುತ್ತಾನೆ: "ಇಲ್ಲೇ ಕೂತು ಮಹಾರಾಜರು ಹುಲಿ ಬೇಟೆಗೆ ಹೊರಡೋರು!"

ನನಗೆ ನಗು ಬರುತ್ತದೆ. ಮಹಾರಾಜರು ನನ್ನ ಮೆಟ್ಟಿಲನ್ನು ಒಂದು ಸಲವೂ ತುಳಿದವರಲ್ಲ. ನಾನು ಹೆಮ್ಮೆ ಪಡುವ ಸಂಗತಿ ಬೇರೆ ಇದೆ. ಗೈಡಿಗೆ ಗೊತ್ತಿಲ್ಲ, ನಾನೇ ಹೇಳುತ್ತೇನೆ.

ಅದೊಂದು ಬುಧವಾರ. ಅರಮನೆಗೆ ತಂತಿ ಬಂತು. ರಾಣಿಯವರ ತವರು ಹೊನ್ನೇಕೆರೆ. ಅಲ್ಲಿ ಅವರ ತಾಯಿ ಈಗಲೋ ಆಗಲೋ ಅನ್ನುವ ಹಾಗಿದ್ದಾರೆ, ಮಗಳನ್ನೇ ಕೇಳುತ್ತಿದ್ದಾರೆ. ರಾಣಿಯವರು ತಾಯಿಯ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಅರ್ಧ ಗಂಟೆಯಲ್ಲಿ ನನ್ನನ್ನು ರೈಲಿಗೆ ಕಟ್ಟಿದರು. ಹೊನ್ನೇಕೆರೆಯ ಪ್ಲಾಟ್‌ಫಾರಂ ಎಡಗಡೆ ಅನ್ನುವುದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ.

ನಾಲ್ಕು ಗಂಟೆಗೆ ಹೋಗಿ ನಿಂತೆವು. ಮೋಟಾರು, ಬಟ್ಟೆ ಹಿಡಿದ ಆಳುಗಳು, ಎಲ್ಲ ಎಡಗಡೆ, ಬರೀ ಕಿಟಕಿಗಳ ಮುಂದೆ. ಬಾಗಿಲ ಕಡೆ ಜಲ್ಲಿಕಲ್ಲು, ಪಕ್ಕದ ಹಳಿ, ಅಲ್ಲಿ ಹಳಿ ರಿಪೇರಿ ಮಾಡುತ್ತಿದ್ದ ಆರು ಜನ ಗ್ಯಾಂಗಿನವರು, ಅವರ ಮೇಸ್ತ್ರಿ.

ಅರಮನೆಯ ಕಾರ್ಯದರ್ಶಿ ವೀರರಾಜೇ ಅರಸರು ಸ್ಟೇಷನ್ ಮಾಸ್ತರರ ಮೇಲೆ ಹಾರಿಬಿದ್ದರು. "ಏನ್ರೀ ಮಾಸ್ತರೇ, ಬಾಗಿಲೆಲ್ರೀ?"

"ಬಾಗಿಲು ಅದರ ಜಾಗದಲ್ಲೇ ಇದೆ ಸ್ವಾಮಿ. ಪ್ಲಾಟ್‌ಫಾರಮ್ಮೇ ಆ ಕಡೆ ಇಲ್ಲ."

"ಹಿಂದಿನ ಜಂಕ್ಷನ್ನಿಗೆ ಒಯ್ದು ತಿರುಗಿಸಿಕೊಂಡು ಬನ್ನಿ ಹಾಗಾದ್ರೆ."

"ಎರಡು ಗಂಟೆ ಆಗುತ್ತೆ ಸ್ವಾಮಿ."

ಒಳಗಿದ್ದ ಆಳು ಹೆಂಗಸು ಚಿಕ್ಕತಾಯಮ್ಮ ಗೊಣಗಿದಳು: "ಈ ಗಂಡಸ್ರು ಡಬ್ಬಿ ತಿರುಗಿಸೋದ್ರೊಳಗೆ ಯಮ ಬಂದು ತಿರುಗಿ ಹೋಗಿರ್ತಾನೆ ಕಣವ್ವಾ."

ರಾಣಿಯವರು ಎದ್ದರು. ತಾವೇ ಚಿಲಕ ತೆಗೆದರು. ಅದುವರೆಗೆ ಅವರ ಕೈ ನನ್ನ ಚಿಲಕ ಮುಟ್ಟಿದ್ದೇ ಇಲ್ಲ.

ಕಿಟಕಿಯ ಹೊರಗಿನಿಂದ ಕಾರ್ಯದರ್ಶಿ ಅರಸರು ಕೂಗಿದರು: "ಬೇಡಿ ಅಮ್ಮಣ್ಣಿ, ಆ ಕಡೆ ಗ್ಯಾಂಗಿನೋರು ಇದಾರೆ!"

"ಇರಲಿ ಬಿಡಿ. ಅವರೂ ಅವ್ವನ ಮಕ್ಕಳೇ."

ಗ್ಯಾಂಗಿನ ಮೇಸ್ತ್ರಿ ದ್ಯಾವಯ್ಯ ತಲೆಯೆತ್ತಿ ನೋಡಿದ, ಗಾಬರಿಯಾದ. "ಲೇ, ಆ ಕಡೆ ತಿರುಗ್ರೋ!" ಅಂದ. ಆರು ಜನವೂ ಬೆನ್ನು ತಿರುಗಿಸಿ, ತಲೆಯ ವಸ್ತ್ರ ಬಿಚ್ಚಿ, ಎರಡು ಸಾಲಾಗಿ ಹಿಡಿದು ನಿಂತರು. ಬೆವರು, ಎಣ್ಣೆ, ಕೆಂಪು ಮಣ್ಣಿನ ಬಟ್ಟೆ. ಯಾರು ಹೇಳಿಕೊಟ್ಟಿದ್ದರೋ ಕಾಣೆ. ದ್ಯಾವಯ್ಯ ಕಣ್ಣು ನೆಲಕ್ಕಿಟ್ಟುಕೊಂಡೇ ತಮ್ಮ ಹತಾರದ ಪೆಟ್ಟಿಗೆಯನ್ನು ನನ್ನ ಮೆಟ್ಟಿಲ ಕೆಳಗೆ ತಳ್ಳಿದ. "ಪೆಟ್ಟಿಗೆ ಗಟ್ಟಿ ಅದೆ ತಾಯಿ. ನಿಧಾನ."

ರಾಣಿಯವರು ಇಳಿದರು. ಮಖಮಲ್ಲಿನ ಮೆಟ್ಟು ಜಲ್ಲಿಯ ಮೇಲೆ ಜಾರಿತು. ಅದನ್ನು ಅಲ್ಲೇ ಬಿಟ್ಟೇಬಿಟ್ಟರು.

"ಬಟ್ಟೆ ಇಳಿಸ್ರಪ್ಪ," ಅಂದರು. "ನನಗೆ ದಾರಿ ಕಾಣಬೇಕು."

ಒಂದೊಂದೇ ಬಟ್ಟೆ ಇಳಿಯಿತು. ಮುಂದೆ ದ್ಯಾವಯ್ಯ, ಹಿಂದೆ ರಾಣಿಯವರು, ಬರಿಗಾಲಿನಲ್ಲಿ, ರೈಲಿನ ಬಾಲ ಬಳಸಿಕೊಂಡು ಹೊರಟರು. ಹಾಡುಹಗಲು. ಊರೆಲ್ಲ ನೋಡಿತು. ನನಗೆ ಚಿನ್ನದ ಬಣ್ಣ ಬಳಿದದ್ದು ಈಚೆಗೆ. ನಾನು ನಿಜವಾಗಿ ರಾಣಿಯ ಡಬ್ಬಿಯಾದದ್ದು ಅವತ್ತು.

ಮುಂದಿನದನ್ನು ಚಿಕ್ಕತಾಯಮ್ಮ ಮಾಸ್ತರರ ಹೆಂಡತಿಗೆ ಹೇಳುವಾಗ ಕೇಳಿಸಿಕೊಂಡೆ. ರಾಣಿಯವರು ಹೋದಾಗ ತಾಯಿಗೆ ಎಚ್ಚರವಿತ್ತಂತೆ. ಕಾಲಿನ ಗಾಯ ನೋಡಿ, "ಮೆಟ್ಟು ಎಲ್ಲಿ ಬಿಟ್ಟು ಬಂದ್ಯೇ?" ಅಂತ ಗದರಿದರಂತೆ. ಎರಡು ದಿನ ತಾಯಿ ಮಗಳು ಮಾತಾಡಿದರಂತೆ, ನಕ್ಕರಂತೆ ಕೂಡ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ, ಮಗಳ ತೊಡೆಯ ಮೇಲೆ ತಲೆಯಿಟ್ಟುಕೊಂಡು, ಆ ತಾಯಿ ಹೋದರು.