ಎಂಟನೆಯ ಹೆಸರು

ಇಪ್ಪತ್ತೆಂಟು ವರ್ಷ ಗಾರ್ಮೆಂಟ್ಸಿನ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು, ತಪ್ಪು ಹುಡುಕುವುದಕ್ಕೆಂದೇ ಸಂಬಳ ತೆಗೆದುಕೊಂಡವಳು ನಾನು. ಬಿಟ್ಟುಹೋದ ಹೊಲಿಗೆ, ಸೊಟ್ಟಗಾದ ಕಾಲರು, ದಾರ ಬಿಚ್ಚಿದ ಕಾಜಾ, ಯಾವುದೂ ನನ್ನ ಬೆರಳು ದಾಟಿ ಡಬ್ಬ ಸೇರಲಿಲ್ಲ. ಕೆಲಸ ಬಿಟ್ಟ ಮೇಲೆ ಅಂಗಿಗಳು ಬರುವುದು ನಿಂತಿತು, ಕಣ್ಣಿನ ಚಾಳಿ ನಿಲ್ಲಲಿಲ್ಲ. ಈಗ ಮನುಷ್ಯರನ್ನು ತಿರುವಿ ತಿರುವಿ ನೋಡುತ್ತೇನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನನ್ನ ಮಗ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಅವನು ಕದ್ದು ಸಿಗರೇಟು ಸೇದುತ್ತಿದ್ದುದನ್ನು ಹಿಡಿದದ್ದೂ ಇದೇ ಕಣ್ಣು.

ಇಂಥ ನನ್ನನ್ನು ನಮ್ಮ ಪಾದ್ರಿಗಳು ಕರೆದು, ಮೂರು ಧರ್ಮದವರು ಸೇರಿ ಒಂದು ಸಮಿತಿ ಮಾಡುತ್ತಿದ್ದಾರೆ, ಚರ್ಚಿನ ಕಡೆಯಿಂದ ನೀವು ಹೋಗಿ ಎಂದರು. ವಿಷಯ ನಾನು ದುಡಿದ ಕಾರ್ಖಾನೆಯದೇ. ಬಟ್ಟೆ ಕಳ್ಳತನ ಆಗಬಾರದೆಂದು ಅಲ್ಲಿ ಪಾಳಿ ಮುಗಿಯುವ ತನಕ ಮೇಲಿನ ಎರಡು ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾರೆ. ಹೋದ ವರ್ಷ ಮೂರನೇ ಮಹಡಿಯಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಹೊಗೆ ಎದ್ದಾಗ ಅರವತ್ತು ಹೆಂಗಸರು ಬಾಗಿಲು ಬಡಿಯುತ್ತ ನಿಂತಿದ್ದರು. ಬೀಗದ ಕೈ ಹುಡುಕಿ ತರುವ ಹೊತ್ತಿಗೆ ಎಂಟು ನಿಮಿಷ ಕಳೆದಿತ್ತು. ಬೆಂಕಿ ಹತ್ತಲಿಲ್ಲ, ಅದು ನಮ್ಮ ಪುಣ್ಯ.

ಆ ಅಂಗಿಗಳನ್ನು ಕೊಳ್ಳುವುದು ಸಮುದ್ರದಾಚೆಯ ಒಂದು ದೊಡ್ಡ ಕಂಪನಿ. ಅದರವರು ವರ್ಷಕ್ಕೊಮ್ಮೆ ನೋಡಲು ಬರುತ್ತಾರೆ, ಆ ದಿನ ಬಾಗಿಲುಗಳೆಲ್ಲ ತೆರೆದಿರುತ್ತವೆ. ಆ ದೇಶದಲ್ಲೂ ದೇವಸ್ಥಾನದವರು, ಮಸೀದಿಯವರು, ಚರ್ಚಿನವರು ಒಂದಾಗಿ ಆ ಕಂಪನಿಯ ನಾಲ್ಕಾರು ಷೇರು ಕೊಂಡಿಟ್ಟಿದ್ದರು. ಷೇರು ಇದ್ದವರು ವರ್ಷದ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬಹುದಂತೆ. ಕೆಲಸ ಮಾಡುವವರ ಸಾಕ್ಷಿ ಕೊಡಿ, ನಾವು ಕೇಳುತ್ತೇವೆ, ಈ ಒಂದು ಕಟ್ಟಡಕ್ಕಲ್ಲ, ಅವರಿಗೆ ಹೊಲಿಯುವ ಎಲ್ಲ ದೇಶದ ಎಲ್ಲ ಕಾರ್ಖಾನೆಗೂ ಅನ್ವಯಿಸುವ ನಿಯಮವನ್ನೇ ಬದಲಾಯಿಸಿ ಎನ್ನುತ್ತೇವೆ ಎಂದು ಅವರು ಕಾಗದ ಬರೆದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದುಕೊಂಡೆ. ಆದರೂ ಹೋದೆ. ಬೇರೆಯವರು ಏನು ಮಾಡುತ್ತಾರೋ ನೋಡಬೇಕಲ್ಲ.

ಸಮಿತಿಯಲ್ಲಿ ಇದ್ದವರು ಮೂವರು. ದೇವಸ್ಥಾನದ ಕಡೆಯಿಂದ ಮೇಷ್ಟ್ರು, ಶಾಲೆಯಿಂದ ನಿವೃತ್ತರಾಗಿದ್ದರೂ ಜೇಬಿನಲ್ಲಿ ಕೆಂಪು ಪೆನ್ನು ಬಿಡದವರು. ಮಸೀದಿಯ ಕಡೆಯಿಂದ ಗಡಿಯಾರ ರಿಪೇರಿಯ ಸಾಹೇಬರು. ಇನ್ನೊಬ್ಬಳು ನಾನು. ಪ್ರತಿ ಗುರುವಾರ ನಾಲ್ಕು ಗಂಟೆಗೆ ಸಾಹೇಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆವು. ಯಾರ ಪ್ರಾರ್ಥನೆ ಮೊದಲು ಎಂಬುದರಲ್ಲೇ ಮೊದಲ ಮೂರು ಸಭೆ ಹೋಯಿತು. ಕೊನೆಗೆ ಮೇಷ್ಟ್ರು, ಯಾರದೂ ಬೇಡ, ಮೂರು ನಿಮಿಷ ಮೌನ ಇರಲಿ ಎಂದರು. ಸಮಯ ನೋಡುವ ಕೆಲಸ ಸಾಹೇಬರಿಗೆ ಬಿತ್ತು. ಗೋಡೆ ತುಂಬ ನೇತುಹಾಕಿದ ಇಪ್ಪತ್ತು ಗಡಿಯಾರ ಇಪ್ಪತ್ತು ಸಮಯ ತೋರಿಸುವ ಅಂಗಡಿಯವರನ್ನು ನಂಬುವುದು ಹೇಗೆ ಎಂದು ನನಗೆ ಅವತ್ತೇ ಅನಿಸಿತ್ತು. ಮೌನದ ಹೊತ್ತಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು. ಸಾಹೇಬರು ಮುಚ್ಚುತ್ತಿರಲಿಲ್ಲ. ಯಾಕೆ ಮುಚ್ಚುವುದಿಲ್ಲ, ಏನು ನೋಡುತ್ತಾರೆ ಎಂದು ನಾನು ಪ್ರತಿ ವಾರ ನೋಡುತ್ತಿದ್ದೆ.

ಏಳು ಮಂದಿ ಹೆಂಗಸರು ಸಾಕ್ಷಿ ಹೇಳಲು ಒಪ್ಪಿದರು. ಮೂರೂ ಧರ್ಮದವರಿದ್ದರು. ಅವರ ಮುಂದಾಳು ಒಂದು ಕ್ಷಣ ನಿಂತಲ್ಲಿ ನಿಲ್ಲದ ಸಣಕಲು ಹೆಂಗಸು, ಹೊಲಿಗೆ ಲೈನಿನಲ್ಲಿ ಎಲ್ಲರೂ ಅವಳನ್ನು, ಮಿಶನ್ನಿನೊಳಗೆ ಗಿರಗಿರ ತಿರುಗುವ ದಾರದ ಉರುಳೆಯ ಹೆಸರಿಟ್ಟು, ಬಾಬಿನ್ ಎಂದೇ ಕರೆಯುತ್ತಿದ್ದರು. ಹೇಳಿಕೆಯನ್ನು ಹೆಸರಿಲ್ಲದೆ ಕಳಿಸಿದೆವು. ಹೆಸರಿನ ಪಟ್ಟಿಯನ್ನು ಕಂದು ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಮೂವರೂ ಅಡ್ಡಡ್ಡ ಸಹಿ ಮಾಡಿ ಸಾಹೇಬರ ಕಬ್ಬಿಣದ ಬೀರುವಿನಲ್ಲಿಟ್ಟೆವು. ಆಚೆಯ ಕಂಪನಿ ಈ ಹೆಂಗಸರ ಕೆಲಸ ಹೋಗದೆಂದು ಭರವಸೆ ಕೊಟ್ಟ ಮೇಲೆಯೇ ಅದನ್ನು ಒಡೆಯುವುದೆಂದು ಮಾತಾಯಿತು. ಮನೆಯಲ್ಲೂ ಬಾಯಿ ಬಿಡಬಾರದು ಎಂದು ಮೇಷ್ಟ್ರು ನನ್ನ ಕಡೆ ನೋಡಿಕೊಂಡೇ ಹೇಳಿದರು. ನಾನು ಬೀರುವಿನ ಕಡೆ ನೋಡಿಕೊಂಡು ಹೂಂ ಎಂದೆ.

ನನ್ನ ಸೊಸೆಯೂ ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ಆ ಏಳರಲ್ಲಿ ಅವಳಿರಲಿಲ್ಲ. ಮನೆ ಬಾಗಿಲಿಗೆ ಮಾರಿ ಕರೆಯುವುದು ಬೇಡ ಎಂದು ನಾನೇ ಅವಳನ್ನು ಕೇಳಿರಲಿಲ್ಲ. ಸತ್ಯ ಹೇಳಬೇಕೆಂದರೆ, ಬೇರೆಯವರ ಮನೆಯ ಹೆಣ್ಣುಮಕ್ಕಳನ್ನು ಮುಂದೆ ಬಿಟ್ಟು ನಮ್ಮವಳನ್ನು ಹಿಂದೆ ಇಟ್ಟುಕೊಂಡೆ. ಅವಳಿಗೆ ಒಂದು ವರ್ಷದಿಂದ ಬೆನ್ನುನೋವು. ಮಲಗಮ್ಮ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ, ಸುಮ್ಮನೆ ಬಿಸಿನೀರಿನ ಚೀಲ ತುಂಬಿ ಹಾಸಿಗೆಯ ಮೇಲಿಟ್ಟು ಬರುತ್ತೇನೆ.

ಆ ಭಾನುವಾರ ಚರ್ಚಿಗೆ ಹೋಗಿ, ಬಾಗಿಲ ಬಳಿಯ ಪ್ರಾರ್ಥನೆ ಪೆಟ್ಟಿಗೆಗೆ ಎಂದಿನಂತೆ ಚೀಟಿ ಹಾಕಿದೆ. ವಾರವಾರವೂ ಹಾಕುತ್ತೇನೆ. ಆರಾಧನೆ ಮುಗಿದು ಹೊರಗೆ ಬರುವಾಗ, ಎರಡನೇ ಬೆಂಚಿನಲ್ಲಿ ಕೂರುವ ಕಾರ್ಖಾನೆಯ ಮ್ಯಾನೇಜರು ತಾವಾಗಿಯೇ ಬಳಿ ಬಂದು, ಸೊಸೆಗೆ ಬೆನ್ನು ಹೇಗಿದೆಯಮ್ಮ ಎಂದು ವಿಚಾರಿಸಿದರು. ಅಷ್ಟು ದೊಡ್ಡ ಮನುಷ್ಯ ನಮ್ಮಂಥವರ ಬೆನ್ನು ಕೇಳುತ್ತಾನಲ್ಲ ಎಂದು ಉಬ್ಬಿಹೋದೆ.

ಮಂಗಳವಾರ ಊಟದ ಬಿಡುವಿನ ಹೊತ್ತಿಗೆ ಎಂಟು ಹೆಂಗಸರನ್ನು ಒಬ್ಬೊಬ್ಬರಾಗಿ ಆಫೀಸಿಗೆ ಕರೆಸಿ, ನಾಳೆಯಿಂದ ಬರಬೇಡಿ ಎಂದುಬಿಟ್ಟರು. ಬಾಬಿನ್ ಮತ್ತು ಅವಳ ಜೊತೆಯ ಆರು ಮಂದಿ. ಎಂಟನೆಯವಳು ನನ್ನ ಸೊಸೆ.

ಯಾರೋ ಮಾತಾಡಿದ್ದಾರೆ ಎಂಬುದು ಕಾರ್ಖಾನೆಗೆ ಮೊದಲೇ ಗೊತ್ತಿತ್ತು, ಆಚೆಯ ಕಂಪನಿಯಿಂದ ಫೋನು ಬಂದಿತ್ತಂತೆ. ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ. ಹಾಗಾದರೆ ಹೇಳಿದವರು ಯಾರು? ಲಕೋಟೆ ಯಾರ ಬೀರುವಿನಲ್ಲಿತ್ತು? ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ನನಗೆ ಖಾತ್ರಿಯಾಯಿತು. ಸೊಸೆಯ ಹೆಸರು ಹೇಗೆ ಸೇರಿತು ಎಂಬುದಕ್ಕೂ ಉತ್ತರ ಹೊಲಿದುಕೊಂಡೆ. ಎರಡು ತಿಂಗಳ ಹಿಂದೆ ಅವಳು ಸಾಹೇಬರ ಹತ್ತಿರ ವಾಚು ರಿಪೇರಿ ಮಾಡಿಸಿ, ಇನ್ನೂ ಹಿಂದೆ ಓಡುತ್ತಿದೆ ಎಂದು ಗಿರಾಕಿಗಳ ಮುಂದೆಯೇ ಜಗಳ ಆಡಿ ಬಂದಿದ್ದಳು. ಅದರ ಸೇಡು. ಎರಡು ರಾತ್ರಿ ಈ ಹೊಲಿಗೆಯನ್ನು ಎಳೆದೆಳೆದು ನೋಡಿದೆ, ಎಲ್ಲೂ ಬಿಚ್ಚಲಿಲ್ಲ. ಮನೆಯಲ್ಲಿ ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವಳ ಸಂಬಳವಿಲ್ಲದೆ ನಮ್ಮ ಮನೆ ಎರಡು ತಿಂಗಳೂ ನಡೆಯುವುದಿಲ್ಲ. ಉಳಿದ ಏಳು ಮನೆಗಳೂ ಅಷ್ಟೆ.

ಗುರುವಾರ ನಾಲ್ಕು ಗಂಟೆಗೆ ಮೂವರೂ ಕೂತೆವು. ಮೇಷ್ಟ್ರು ಕಣ್ಣು ಮುಚ್ಚಿದರು. ಒಂದು ನಿಮಿಷ ಕಳೆದಿರಬಹುದು, ನನಗೆ ತಡೆಯಲಾಗಲಿಲ್ಲ.

"ಲಕೋಟೆ ತೆಗೀರಿ ಸಾಹೇಬ್ರೇ," ಎಂದೆ.

ಸಾಹೇಬರ ಕೈ ಕೋಟಿನ ಜೇಬು ಮುಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಅವರು ತೆಗೆದದ್ದು ಬೀರುವಿನ ಬೀಗದ ಕೈ. ಲಕೋಟೆಯನ್ನು ತಂದು ನನ್ನ ಮುಂದಿಟ್ಟು, ಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನೂ ಪಕ್ಕಕ್ಕಿಟ್ಟರು.

"ನೋಡಿ ಅಕ್ಕ. ತಪ್ಪು ಹುಡುಕೋದು ನಿಮ್ಮ ಕಸುಬು. ಸಿಕ್ಕಿದ್ರೆ ನಾನೇ ಅಂಗಡಿ ಮುಚ್ಚಿ ಹೋಗ್ತೀನಿ," ಎಂದರು.

ನಾನು ನಾಚಿಕೆ ಬಿಟ್ಟು ಕನ್ನಡಿ ಕಣ್ಣಿಗಿಟ್ಟುಕೊಂಡೆ. ಅಂಟಿನ ಅಂಚು, ಸಹಿಗಳ ಗೆರೆ ಕೂಡುವ ಜಾಗ, ಹಬೆ ಹಿಡಿದಿದ್ದರೆ ಕಾಗದ ಉಬ್ಬಬೇಕಿದ್ದ ಮೂಲೆ, ಎಲ್ಲ ನೋಡಿದೆ. ಒಂದು ಎಳೆ ಕದಲಿರಲಿಲ್ಲ. ಅದು ಅಂಗಿಯಾಗಿದ್ದರೆ ಮೊದಲ ದರ್ಜೆ ಎಂದು ಬರೆದು ಕಳಿಸುತ್ತಿದ್ದೆ. ಆದರೂ ಸೋಲಲು ಮನಸ್ಸಿಲ್ಲದೆ ನಾನೇ ಹರಿದು ಪಟ್ಟಿ ಹೊರತೆಗೆದೆ. ಎಣಿಸಿದೆ. ಏಳು ಹೆಸರು.

"ನನ್ನ ಸೊಸೆ ಹೆಸರೆಲ್ಲಿ?" ಎಂದೆ.

"ಅವರದ್ದು ಯಾವಾಗಿತ್ತು? ಅವರು ಸಾಕ್ಷಿ ಹೇಳೇ ಇಲ್ವಲ್ಲ," ಎಂದರು ಮೇಷ್ಟ್ರು. "ಕಾರ್ಖಾನೆಯವರು ನೋಡಿರೋದು ಈ ಪಟ್ಟಿ ಅಲ್ಲ. ಎಂಟು ಹೆಸರಿರೋ ಇನ್ಯಾವುದೋ ಪಟ್ಟಿ."

ನನ್ನ ಕಣ್ಣಿನಿಂದ ಕನ್ನಡಿ ಜಾರಿ ಮೇಜಿನ ಮೇಲೆ ಬಿತ್ತು. ಎಂಟು ಹೆಸರು ಒಟ್ಟಿಗಿದ್ದ ಕಾಗದ ಭೂಮಿಯ ಮೇಲೆ ಒಂದೇ ಒಂದಿತ್ತು. ಅದನ್ನು ಬರೆದವಳು ನಾನು. ಈ ಸಹೋದರಿಯರಿಗೆ ಧೈರ್ಯ ಕೊಡು ಎಂದು ಏಳು ಹೆಸರು ಬರೆದು, ಜಾಗ ಉಳಿದಿದೆಯಲ್ಲ ಎಂದು ಕೆಳಗೆ ಸೊಸೆಯ ಹೆಸರನ್ನೂ ಅವಳ ಬೆನ್ನುನೋವನ್ನೂ ಸೇರಿಸಿದ್ದೆ. ಪೆಟ್ಟಿಗೆಯ ಚೀಟಿಗಳನ್ನು ಪಾದ್ರಿಗಳು ಗಟ್ಟಿಯಾಗಿ ಓದುತ್ತಾರೆ, ಇಪ್ಪತ್ತು ವರ್ಷದಿಂದ ಓದುತ್ತಿದ್ದಾರೆ. ಅಭ್ಯಾಸವಿಲ್ಲದ ಬೇರೆ ಧರ್ಮದ ಹೆಸರುಗಳು ಬಂದಾಗ ಅವರ ನಾಲಿಗೆ ತೊಡರಿತ್ತು, ಎರಡೆರಡು ಸಲ ಓದಿದ್ದರು. ನಮ್ಮ ಚರ್ಚಿನಲ್ಲಿ ಅನ್ಯರಿಗಾಗಿಯೂ ಪ್ರಾರ್ಥಿಸುವ ದೊಡ್ಡ ಮನಸ್ಸು ನನಗೊಬ್ಬಳಿಗೇ ಇದೆ ಎಂದು ನಾನು ತಲೆ ಎತ್ತಿ ಕೂತಿದ್ದೆ. ಎರಡನೇ ಬೆಂಚಿನಲ್ಲಿ ಮ್ಯಾನೇಜರೂ ತಲೆ ಎತ್ತಿಯೇ ಕೂತಿದ್ದರು. ದೇವರಿಗೆ ಹೇಳಿದರೆ ಅದು ಹೊರಗೆ ಹೇಳಿದ ಲೆಕ್ಕವಲ್ಲ ಎಂದು ನಾನು ತಿಳಿದಿದ್ದೆ.

ಹೇಳಿದೆ. ಏನನ್ನೂ ಮುಚ್ಚಿಡದೆ, ಮ್ಯಾನೇಜರು ಬೆನ್ನು ವಿಚಾರಿಸಿದ್ದನ್ನೂ, ಎರಡು ರಾತ್ರಿ ನಾನು ಯಾರ ಮೇಲೆ ಏನೇನು ಹೊಲಿದೆ ಎಂಬುದನ್ನೂ ಹೇಳಿದೆ. ಗೋಡೆಯ ಗಡಿಯಾರಗಳ ಸದ್ದು ಆ ಕೋಣೆಯಲ್ಲಿ ಅಷ್ಟು ಜೋರಾಗಿದೆ ಎಂದು ನನಗೆ ಅವತ್ತೇ ತಿಳಿದದ್ದು. ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಸಾಹೇಬರು ಬಿದ್ದ ಕನ್ನಡಿಯನ್ನು ಒರೆಸಿಕೊಂಡರು.

"ಆ ಚೀಟೀಲಿ ನಮ್ಮಿಬ್ಬರ ಹೆಸರಿತ್ತಾ ಅಕ್ಕ?"

"ಇಲ್ಲ."

"ಅದೇ ಅಂದ್ಕೊಂಡೆ," ಎಂದರು. ಕನ್ನಡಿಯನ್ನು ಜೇಬಿಗಿಟ್ಟು, "ಒಂದು ಲೆಕ್ಕಕ್ಕೆ ಬಚಾವಾದ್ವಿ," ಎಂದು ನಕ್ಕರು. ಅವರ ಕಣ್ಣು ಮಾತ್ರ ನಗಲಿಲ್ಲ. ಅವರು ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಅಲ್ಲಿಂದ ಬಾಬಿನ್ ಮನೆಗೆ ಹೋದೆ. ಅವಳು ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡು, ನಿಮ್ಮ ಪ್ರಾರ್ಥನೆ ಇನ್ನು ಸಾಕು, ಹೆಸರು ಹೇಗೂ ಬಯಲಾಯಿತು, ಈಗ ಹೆಸರು ಹಾಕಿಯೇ ಕಳಿಸಿ ಎಂದಳು. ಉಳಿದ ಆರು ಮನೆಯಲ್ಲೂ ಅದೇ ಮಾತು. ಒಂದು ಮನೆಯಲ್ಲಿ ಅಷ್ಟು ಹೇಳಿ ಬಾಗಿಲನ್ನು ಮುಖದ ಮೇಲೇ ಮುಚ್ಚಿದರು. ಎಂಟನೆಯದು ನನ್ನ ಮನೆ.

ಸೊಸೆ ಬಟ್ಟೆ ಮಡಿಸುತ್ತಿದ್ದಳು. ನಿಂತುಕೊಂಡೇ ಹೇಳಿ ಮುಗಿಸಿದೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ.

"ನನ್ನ ಬೆನ್ನಿಗೆ ಪ್ರಾರ್ಥನೆ ಮಾಡಿಸಿದ್ರಾ ಅತ್ತೆ?"

"ಹೂಂ. ತಪ್ಪಾಯ್ತು."

"ಬೆನ್ನು ಯಾಕೆ ನೋಯ್ತಿದೆ ಅಂತ ಒಂದು ದಿನ ಕೇಳಲಿಲ್ಲ ನೀವು." ಮಡಿಸಿದ ಅಂಗಿಯನ್ನು ಪಕ್ಕಕ್ಕಿಟ್ಟಳು. "ಹೊಗೆ ಬಂದ ದಿನ ಬಾಗಿಲಿಗೆ ಎಲ್ಲರಿಗಿಂತ ಮುಂದೆ ಇದ್ದವಳು ನಾನು. ಹಿಂದಿನಿಂದ ಅರವತ್ತು ಜನ ತಳ್ಳಿದ್ರು. ಎಂಟು ನಿಮಿಷ. ಮನೇಲಿ ಹೇಳಿದ್ರೆ ಕೆಲಸ ಬಿಡಿಸ್ತೀರಿ ಅಂತ ಸುಮ್ಮನಿದ್ದೆ."

ಒಂದು ವರ್ಷ ಬಿಸಿನೀರಿನ ಚೀಲ ತುಂಬಿಟ್ಟಿದ್ದೆ. ಊರಿನವರ ಹೊಲಿಗೆಯನ್ನೆಲ್ಲ ಬೆಳಕಿಗೆ ಹಿಡಿದು ನೋಡಿದವಳು ನನ್ನ ಮನೆಯ ಗೋಡೆಯ ಕಡೆ ತಿರುಗಿ ಮಲಗಿದ್ದ ಬೆನ್ನನ್ನು ನೋಡಿರಲಿಲ್ಲ. ನನಗೆ ಅಳು ಬಂತು. ಅವಳ ಮುಂದೆಯೇ ಅತ್ತುಬಿಟ್ಟೆ.

"ಅಳಬೇಡಿ," ಎಂದಳು. "ಸಾಕ್ಷಿ ಹೇಳಿದ್ದಕ್ಕೆ ಅಂತ ತಾನೇ ನನ್ನನ್ನ ತೆಗೆದಿದ್ದು? ಹಾಗಾದ್ರೆ ಹೇಳೇಬಿಡ್ತೀನಿ. ಕಾಗದ ತನ್ನಿ."

ಎಂಟು ಹೆಸರಿನ ಹೇಳಿಕೆ ಮರುದಿನವೇ ಹೋಯಿತು. ಬಾಗಿಲ ಬಳಿ ಮೊದಲು ನಿಂತವಳ ಮಾತು ಎಂದು ಮೇಷ್ಟ್ರು ಅವಳದನ್ನೇ ಮೇಲೆ ಇಟ್ಟರು. ಆಚೆಯ ಕಂಪನಿಯ ವರ್ಷದ ಸಭೆಗೆ ಇನ್ನೂ ಮೂರು ವಾರವಿದೆ. ಕಂಪನಿ ಏನೆನ್ನುತ್ತದೋ, ಎಂಟು ಮಂದಿಗೆ ಕೆಲಸ ಮರಳುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ನಂಬಿಕೆಯ ವಿಷಯದಲ್ಲಿ ನಾನು ಮೊದಲಿನಿಂದಲೂ ಬಡವಳು.

ಈ ಗುರುವಾರ ಒಳಗೆ ಇನ್ನೂ ದುಡಿಯುತ್ತಿರುವ ಐದು ಹೆಂಗಸರು ತಮ್ಮ ಹೆಸರನ್ನೂ ಕಳಿಸಿದರು. ಹೊಸ ಲಕೋಟೆಗೆ ಹಾಕಿ, ಅಂಟಿಸಿ, ಮೂವರೂ ಅಡ್ಡಡ್ಡ ಸಹಿ ಮಾಡಿದೆವು. ನಾನು ಏಳಲು ಹೊರಟಾಗ ಸಾಹೇಬರು ಕೆಮ್ಮಿದರು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಬ್ಯಾಗು. ಚೀಟಿಗೀಟಿ..."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ನಾನು ಬ್ಯಾಗಿನ ಜಿಪ್ಪು ಎಳೆದು, ಮೇಜಿನ ಮೇಲೆ ಬೋರಲು ಹಾಕಿದೆ. ಕನ್ನಡಕದ ಡಬ್ಬಿ, ಕರವಸ್ತ್ರ, ಬೀಗದ ಕೈ, ಬಿಳಿ ದಾರದ ಉಂಡೆ, ಒಂದು ಪೆನ್ನು ಬಿದ್ದವು. ಸಾಹೇಬರು ಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು. ನಾನು ಬ್ಯಾಗಿನ ಒಳಜೇಬನ್ನೂ ಹೊರಕ್ಕೆ ಎಳೆದು ತೋರಿಸಿದೆ.